ಕಲ್ಲಿನ ಪೆಟ್ಟಿಗೆಯ ಖಾಲಿ ಮನೆ

ಹೋದ ವಾರ ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಕಡಲೆಕಾಯಿ ಮಿಠಾಯಿಗೆ ಬೆಲ್ಲದ ಪಾಕ ಕಾಯಿಸುತ್ತಿದ್ದರು. ಪಾಕ ಸ್ವಲ್ಪ ಸೀದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ನಾನು ಹತ್ತಬೇಕಿದ್ದ ಬಸ್ಸು ಕಣ್ಣೆದುರೇ ಹೊರಟುಹೋಯಿತು. ತೊಂಬತ್ತರ ದಶಕದಲ್ಲಿ ತುಮಕೂರಿನ ಕಾಲೇಜಿನಲ್ಲಿ ನಮಗೆ ಜಿಯಾಲಜಿ ಕಲಿಸಿದ ಮೇಡಂ ನೆನಪಾಗಿದ್ದರು, ಕೈಯಲ್ಲಿ ಪಾಕದ ತಟ್ಟೆ ಹಿಡಿದುಕೊಂಡು...

ಆಗ ಜಿಯಾಲಜಿ ಅಂದರೆ ಬೇರೆಲ್ಲೂ ಸೀಟು ಸಿಗದವರ ಪಾಲಿನ ಪಂಚಾಮೃತ. ನಮ್ಮ ತರಗತಿಯಲ್ಲಿ ಇದ್ದದ್ದೇ ಏಳು ಜನ. ಒಂದು ದಿನ ಮೇಡಂ ಲ್ಯಾಬಿನಲ್ಲೇ ಸ್ಟೌವ್ ಹಚ್ಚಿ, ಬೆಲ್ಲದ ಪಾಕ ಮಾಡಿ, ತಟ್ಟೆಗೆ ಸುರಿದರು. ಅದು ಬಿಸಿಯಿರುವಾಗಲೇ ಒಂದು ಪಟ್ಟಿ ಎತ್ತಿ ನನ್ನ ಕೈಗಿಟ್ಟು ಬಗ್ಗಿಸು ಅಂದರು. ಬಗ್ಗಿತು, ಜೊತೆಗೆ ನನ್ನ ಬೆರಳೂ ಸುಟ್ಟಿತು. ಆರಿದ ಮೇಲೆ ಇನ್ನೊಂದು ಪಟ್ಟಿ ಕೊಟ್ಟರು. ಅದು ಪಟ್ಟನೆ ಮುರಿಯಿತು.

"ಎರಡೂ ಒಂದೇ ಬೆಲ್ಲ ಕಣ್ರೇ. ಕಲ್ಲೂ ಹಿಂಗೇನೇ" ಅಂದರು.

ಅಂಡಮಾನಿನ ಹತ್ತಿರ ಸಮುದ್ರದಡಿಯಲ್ಲಿ ನಮ್ಮ ನೆಲದ ಚಪ್ಪಡಿ ಇನ್ನೊಂದು ಚಪ್ಪಡಿಯ ಕೆಳಗೆ ನುಗ್ಗುತ್ತಿದೆ ಎಂದು ಅವರು ಹೇಳಿದ್ದು ಅವತ್ತೇ. ತೀರಾ ಆಳದಲ್ಲಿ ಕಾವು ಹೆಚ್ಚು, ಅಲ್ಲಿ ಕಲ್ಲು ಬಿಸಿ ಪಾಕದ ಹಾಗೆ ಮೆಲ್ಲಗೆ ಹರಿದು ಜಾಗ ಬಿಡುತ್ತದೆ. ಮೇಲೆ, ತಣ್ಣಗಿರುವ ಕಡೆ, ಎರಡು ಚಪ್ಪಡಿಗಳೂ ಕಚ್ಚಿಕೊಳ್ಳುತ್ತವೆ. ಕೆಳಗಿನದು ಎಳೆಯುವುದನ್ನು ನಿಲ್ಲಿಸುವುದಿಲ್ಲ. ಮೇಲಿನದರ ಅಂಚು ಅದರ ಜೊತೆ ಬಾಗುತ್ತಾ ಹೋಗುತ್ತದೆ, ವರ್ಷಕ್ಕೆ ಉಗುರು ಬೆಳೆದಷ್ಟು. ಹೀಗೇ ನೂರಾರು ವರ್ಷ. ಆಮೇಲೊಂದು ದಿನ ಹಿಡಿತ ತಪ್ಪಿ ಆ ಅಂಚು ಚಿಮ್ಮುತ್ತದೆ, ಮೇಲಿರುವ ಸಮುದ್ರವನ್ನೂ ಎತ್ತಿ ಎಸೆಯುತ್ತದೆ. ಜಾರುವ ಕಡೆ ಭಯವಿಲ್ಲ, ಕಚ್ಚಿಕೊಂಡು ಸುಮ್ಮನಿರುವ ಕಡೆಯೇ ಭಯ ಅನ್ನುತ್ತಿದ್ದರು. ನಾವು ತಲೆಯಾಡಿಸಿ, ಅಷ್ಟೂ ಪಾಠವನ್ನು ತಿಂದು ತಟ್ಟೆ ತೊಳೆದಿಟ್ಟೆವು.

ಅವರ ಹತ್ತಿರ ಒಂದು ಮರದ ಪೆಟ್ಟಿಗೆಯಿತ್ತು. ಒಳಗೆ ಚೌಕಾಬಾರದ ಹಾಗೆ ಮನೆಗಳು, ಒಂದೊಂದು ಮನೆಗೆ ಒಂದು ಕಲ್ಲು, ಕಲ್ಲಿನಡಿ ಒಂದು ಚೀಟಿ. ಎಲ್ಲಿಯದು, ಯಾವತ್ತು, ತಂದವರು ಯಾರು. ಹುಲಿಯೂರುದುರ್ಗದ ಬೆಟ್ಟದ್ದು, ಕುಣಿಗಲ್ ಕೆರೆ ಏರಿಯದ್ದು... ಯಾರು ಯಾವ ಊರಿಗೆ ಹೋದರೂ ಅವರಿಗೊಂದು ಕಲ್ಲು ತರಬೇಕು. ಮದುವೆಗೆ ಹೋದರೂ ಕಲ್ಲು, ತಿಥಿಗೆ ಹೋದರೂ ಕಲ್ಲು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಒಮ್ಮೆ ಕುಣಿಗಲ್ಲಿನ ನೆಂಟರ ಮನೆಯಿಂದ ಬರಿಗೈಯಲ್ಲಿ ಬಂದ ನಾನು, ಕಾಲೇಜಿನ ಗೇಟಿನ ಹತ್ತಿರ ಬಿದ್ದಿದ್ದ ಕಲ್ಲನ್ನೇ ಎತ್ತಿಕೊಟ್ಟು ಕುಣಿಗಲ್ಲಿನದು ಅಂದೆ. ಮೇಡಂ ನನ್ನ ಮುಖ ನೋಡಿದರು. ಬೈಯಲಿಲ್ಲ. ಚೀಟಿಯ ಮೇಲೆ "ಕಾಲೇಜ್ ಗೇಟ್, ಇವತ್ತು ಬೆಳಿಗ್ಗೆ" ಎಂದು ಬರೆದು, ನನ್ನ ಹೆಸರನ್ನೂ ಸೇರಿಸಿ, ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟರು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅವರು ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿ ಓದಿಸಿದ್ದು ಅವರೇ. ಆ ತಮ್ಮನಿಗೆ ಅಂಡಮಾನಿನ ಕಡೆಯ ಒಂದು ದ್ವೀಪದಲ್ಲಿ ಓವರ್‌ಸಿಯರ್ ಕೆಲಸ ಸಿಕ್ಕಿತು. ನಾನು ಆಗ ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರ್. ಅವನು ಹೊರಡುವ ಹಿಂದಿನ ದಿನ ಅವರ ಮನೆಯಲ್ಲಿ ಚಕ್ಕುಲಿ ಡಬ್ಬಿಗೆ ತುಂಬುತ್ತಾ ಕೂತಿದ್ದೆ.

"ಅಕ್ಕಾ, ಅಲ್ಲಿ ಭೂಮಿ ಕಚ್ಕೊಂಡೈತೆ ಅಂತ ಪಾಠ ಮಾಡೋಳು ನೀನೇ ಅಲ್ವಾ? ಈಗ ನನ್ನೇ ಅಲ್ಲಿಗೆ ಕಳಿಸ್ತಿದೀಯಲ್ಲ" ಎಂದು ಅವನು ತಮಾಷೆ ಮಾಡಿದ. ಆದರೆ ಮುಖದಲ್ಲಿ ಅಳುಕಿತ್ತು.

"ಅದು ನೂರಾರು ವರ್ಷದ ಮಾತು ಕಣೋ, ನಿನ್ ಸರ್ವೀಸಲ್ಲಿ ಎಲ್ ಆಗುತ್ತೆ? ಹೋಗು. ಭಾನುವಾರ ರಜಾ ಇದ್ದಾಗ ದಡದಲ್ಲಿ ನಂಗೊಂದ್ ಒಳ್ಳೇ ಕಲ್ಲು ಹುಡುಕು" ಅಂದರು. ಮೂವರೂ ನಕ್ಕೆವು.

ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ ಸುನಾಮಿ ಬಂತು. ಅವತ್ತು ಭಾನುವಾರ. ಅವನ ದೇಹ ಕೂಡ ಸಿಗಲಿಲ್ಲ. ಮೇಡಂ ಹದಿನೈದು ದಿನಕ್ಕೆ ಕಾಲೇಜಿಗೆ ಬಂದರು, ಯಾರ ಮುಂದೆಯೂ ಅಳಲಿಲ್ಲ. ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದರು. ಅವರ ಪಾಠ ಕೇಳಿದ್ದ ನನಗೆ ಮಾತ್ರ ಭಯವಾಗುತ್ತಿತ್ತು.

ಎರಡು ತಿಂಗಳ ಮೇಲೆ ಅವನ ಜೊತೆ ರೂಮಿನಲ್ಲಿದ್ದವರಿಂದ ಕಾಗದ ಬಂತು. ಮೇಡಂ ಅದನ್ನು ಒಡೆಯದೆ ಇಟ್ಟುಕೊಂಡು ನನಗೆ ಹೇಳಿಕಳಿಸಿದರು.

"ನನ್ ಕೈಲಾಗಲ್ಲ ಕಣೇ. ನೀನೇ ಓದು. ಒಂದೇ ಒಂದು ಹೇಳು ಸಾಕು... ಅವ್ನು ಅವತ್ತು ಎಲ್ಲಿದ್ದ?"

ಓದಿದೆ. ಅವತ್ತು ನೆಲ ನಡುಗುವ ಮೊದಲೇ, ಅಕ್ಕನಿಗೆ ಕಲ್ಲು ತರುತ್ತೇನೆ ಎಂದು ಬಟ್ಟೆಚೀಲ ಹಿಡಿದು ಅವನು ದಡಕ್ಕೆ ಹೋಗಿದ್ದ. ರೂಮಿದ್ದದ್ದು ಎತ್ತರದಲ್ಲಿ, ಅಲ್ಲಿಗೆ ನೀರು ಹತ್ತಲಿಲ್ಲ ಎಂದೂ ಬರೆದಿತ್ತು.

"ರೂಮಲ್ಲೇ ಮಲಗಿದ್ರಂತೆ ಮೇಡಂ. ನಿದ್ದೇಲೇ ನೀರು ಬಂತಂತೆ. ಏನೂ ಗೊತ್ತಾಗಿರಲ್ಲ" ಅಂದೆ.

ಅವರು ನನ್ನ ಮುಖವನ್ನೇ ನೋಡುತ್ತಾ ಕೂತರು. ಆಮೇಲೆ "ಸರಿ ಬಿಡು" ಅಂದರು. ಕಾಗದವನ್ನು ಕವರಿಗೆ ಹಾಕಿ, ಒಳಗಿನಿಂದ ನಾಲ್ಕು ಅನ್ನದ ಅಗುಳು ತಂದು ಕವರಿನ ಬಾಯಿ ಅಂಟಿಸಿದರು. ನನ್ನನ್ನು ಉಣ್ಣದೆ ಕಳಿಸಲಿಲ್ಲ.

ಅವರ ಎದೆಯ ಭಾರ ಇಳಿಸಿದೆ ಎಂದೇ ನಾನು ನಂಬಿಕೊಂಡಿದ್ದೆ. ಆಮೇಲೆ ಎಷ್ಟೋ ಸಲ ಹೋಗಿ ಬಂದೆ. ಅವರು ತಮ್ಮನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ರಿಟೈರಾಗಿ ಕುಣಿಗಲ್ಲಿಗೆ ಹೋದರು, ಅಲ್ಲೇ ತೀರಿಕೊಂಡರು. ತಿಥಿಯ ದಿನ ಅವರ ಚಿಕ್ಕಮ್ಮನ ಮಗಳು ಆ ಮರದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ನಿಮಗೇ ಕೊಡಬೇಕು ಎಂದು ಹೇಳಿ ಹೋಗಿದ್ದರಂತೆ.

ತೆರೆದು ನೋಡಿದೆ. ನನ್ನ ಗೇಟಿನ ಕಲ್ಲು ಅಲ್ಲೇ ಇತ್ತು. ಅದರ ಪಕ್ಕದ ಮನೆ ಖಾಲಿ, ಕಲ್ಲಿರಲಿಲ್ಲ. ಅಲ್ಲಿ ಆ ಕವರು ಮಡಿಚಿಟ್ಟಿತ್ತು. ಅಗುಳು ಒಣಗಿ ಕಲ್ಲಾಗಿದ್ದವು, ಬಾಯಿ ಒಡೆದಿರಲಿಲ್ಲ. ಅದರಡಿಯಲ್ಲಿ ಅವರ ಅಕ್ಷರದ ಒಂದು ಚೀಟಿ:

"ಸಮುದ್ರದ ದಡ. ಭಾನುವಾರ ಬೆಳಿಗ್ಗೆ. ನನ್ನ ತಮ್ಮ ತರುತ್ತಿದ್ದದ್ದು."

ಮಿಠಾಯಿ ಅಂಗಡಿಯವನು ಏನು ಬೇಕಮ್ಮ ಎಂದು ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಒಂದು ತುಂಡು ಕೊಂಡೆ. ತಿನ್ನಲಾಗಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡೆ. ಅವತ್ತು ಕಾಗದದಲ್ಲಿದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದ್ದರೆ ಇಬ್ಬರೂ ಕೂತು ಅತ್ತುಬಿಡುತ್ತಿದ್ದೆವು. ನನ್ನ ಸುಳ್ಳನ್ನು ಉಳಿಸಲು ಮೇಡಂ ಅಷ್ಟು ವರ್ಷ ಒಬ್ಬರೇ ಅತ್ತಿರಬೇಕು...