ದ್ಯಾಮವ್ವನ ತೋಳಿನ ಎಕ್ಸ್‌ರೇ

ಮೊನ್ನೆ ಕೆಮ್ಮು ಹೆಚ್ಚಾಯಿತೆಂದು ಆಸ್ಪತ್ರೆಗೆ ಹೋಗಿದ್ದೆ. ಎಕ್ಸ್‌ರೇ ತೆಗೆಯುವಾಕೆ "ಉಸಿರು ಹಿಡೀರಿ" ಎಂದಳು. ಆಯುಷ್ಯವಿಡೀ ಅದೇ ಮಾತನ್ನು ಊರಿಗೆಲ್ಲ ಹೇಳಿದವನು ನಾನು. ಒಮ್ಮೆ ದೇವಿಗೂ ಹೇಳಿದ್ದೆ, ನೀವು ನಂಬುವುದಾದರೆ.

ಎಂಬತ್ತರ ದಶಕದಲ್ಲಿ ಅಣ್ಣಿಗೇರಿಯ ಒಂದು ಸಣ್ಣ ದವಾಖಾನೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಚಕ್ಕಡಿಯಿಂದ ಬಿದ್ದವರು, ಗಿರಣಿಯ ಪಟ್ಟಿಗೆ ಕೈ ಕೊಟ್ಟವರು ಬರುತ್ತಿದ್ದರು. ಮುಖ ಮರೆತರೂ ಅವರ ಎಲುಬು ನನಗೆ ನೆನಪಿರುತ್ತಿತ್ತು. ಒಂದು ಮಧ್ಯಾಹ್ನ ಶಾಲೆಯಲ್ಲಿ ಇತಿಹಾಸ ಕಲಿಸುವ ಶಾಂತಕ್ಕೋರು ಬಂದರು. ಹಿಂದೆ ಬಡಿಗೇರ ಮೌನೇಶಪ್ಪ, ಅವನ ತೋಳಲ್ಲಿ ಕೌದಿ ಸುತ್ತಿದ ಏನೋ. ಯಾರದೋ ಕೂಸಿರಬೇಕೆಂದುಕೊಂಡೆ. ಬಿಚ್ಚಿದರೆ ಕಟ್ಟಿಗೆಯ ದ್ಯಾಮವ್ವ.

ತಿರ್ಲಾಪುರದವರು ತಮ್ಮ ಊರದೇವಿಗೆ ಹೊಸ ಮೂರ್ತಿ ಮಾಡಿಸಿ, ಹಳೆಯದನ್ನು ಅಕ್ಕೋರು ಶಾಲೆಯಲ್ಲಿ ಕಟ್ಟುತ್ತಿದ್ದ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಬಲ ಹೆಗಲು ಬಿರುಕು ಬಿಟ್ಟು ತೋಳು ಅಲುಗುತ್ತಿತ್ತು. ಕಬ್ಬಿಣದ ಬೋಲ್ಟ್ ಜಡಿದರಾಯಿತೆಂದು ಮೌನೇಶಪ್ಪ. ಒಳಗೇನಿದೆಯೋ ನೋಡದೆ ಜಡಿಯುವುದು ಬೇಡವೆಂದು ಅಕ್ಕೋರು.

"ಮನಷಾರಿಗೆ ತಗೀತೀರಿ, ಇಕಿಗೂ ಒಂದು ತಗೀರಿ," ಎಂದರು ಅಕ್ಕೋರು. ಡಾಕ್ಟರರು ನಕ್ಕು ಒಪ್ಪಿದರು.

ಮೊದಲ ಫಿಲ್ಮ್ ಪೂರ್ತಿ ಕರಿ. ದೊಡ್ಡವರ ಹೆಗಲಿಗೆ ಬಿಡುವ ಕಿರಣ ಕಟ್ಟಿಗೆಗೆ ಹೆಚ್ಚಾಗಿತ್ತು. ಕೂಸಿನ ಅಂಗೈಗೆ ಬಿಡುವಷ್ಟಕ್ಕೆ ಇಳಿಸಿದೆ. ರೂಢಿಯ ಬಾಯಿ, "ಉಸಿರು ಹಿಡೀರಿ" ಎಂದುಬಿಟ್ಟೆ.

"ಅಕಿ ಹಿಡದ ನಿಂತಾಳ್ರಿ. ನೀವು ಒತ್ತರಿ," ಎಂದ ಬಾಗಿಲಾಚೆಯಿಂದ ಮೌನೇಶಪ್ಪ.

ತೊಳೆದ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಅಲ್ಲಲ್ಲಿ ಹುಳು ಕೊರೆದ ದಾರಿಗಳು, ಹೆಗಲಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಅದು ಫಿಲ್ಮಿನ ದೋಷ ಎಂದೆ. ಮೌನೇಶಪ್ಪ ಮೂಗು ತಾಗುವಷ್ಟು ಹತ್ತಿರ ಹೋದ.

"ದೋಷ ಅಲ್ರಿ, ಗಟ್ಟಿ ಜಾಲಿ ಗೂಟ. ಹಿಂದ ಒಮ್ಮಿ ತೋಳು ಕೂಡಿಸ್ಯಾರ. ಎಲ್ಲಾರೂ ನೆಟ್ಟಗ ಬಡೀತಾರ. ಹಿಂಗ ಓರೆ ಬಡಿಯಾಂವ ಈ ಸೀಮ್ಯಾಗ ನಮ್ಮ ಅಜ್ಜ ಒಬ್ಬಾಂವನ."

ಆ ಗೆರೆಯ ಮೇಲೆ ಬೆರಳಿಟ್ಟು, "ನಾ ಬೋಲ್ಟ್ ಅಗದಿ ಇಲ್ಲೇ ಹಾಕಾಂವ ಇದ್ನಿ. ಗೂಟಕ್ಕ ತಾಗಿ ಹೆಗಲು ಸೀಳಿ ಹೋಗ್ತಿತ್ತು," ಎಂದ. ಅಕ್ಕೋರು ಕೌದಿಯನ್ನು ಮೂರ್ತಿಯ ಮೇಲೆ ಎಳೆದರು.

ಅವನು ಅಜ್ಜನ ಗೂಟವನ್ನು ಮುಟ್ಟಲಿಲ್ಲ. ಬಿರುಕಿಗೆ ಸರೇಸಿನ ಅಂಟು ತುಂಬಿ, ಅರಿವೆ ಬಿಗಿದು ಒಂದು ವಾರ ಇಟ್ಟ. ತೋಳು ನಿಂತಿತು. ಆಮೇಲೆ ಬಂದು ಆ ಫಿಲ್ಮ್ ತನಗೆ ಬೇಕೆಂದು ಕೇಳಿದ. ಅದು ಅವನ ಕೆಲಸದ ಮನೆಯ ಕಿಟಕಿಯಲ್ಲಿ ಬಹಳ ವರ್ಷ ತೂಗುತ್ತಿತ್ತು. ಯಾರ ಎಲುಬೆಂದು ಬಂದವರು ಕೇಳಿದರೆ, "ಎಲುಬಲ್ಲ, ನಮ್ಮ ಅಜ್ಜನ ಕೈ ಐತಿ ಅದ್ರಾಗ," ಎನ್ನುತ್ತಿದ್ದ.

ಇಷ್ಟು ವರ್ಷ ಈ ಕತೆ ಹೇಳುವಾಗೆಲ್ಲ ಆ ಗೂಟವನ್ನು ಕಂಡುಹಿಡಿದವನು ನಾನೇ ಎಂದು ಹೇಳಿಕೊಂಡು ಬಂದಿದ್ದೆ. ಇಂದು ನಿಮಗಾಗಿ ಬರೆಯಲು ಕುಳಿತಾಗ ಹಾಗೆ ಬರೆಯಲು ಕೈ ಬರಲಿಲ್ಲ. ನಾನು ಚಿತ್ರ ತೆಗೆದೆ, ಅಷ್ಟೇ. ಓದಿದವನು ಮೌನೇಶಪ್ಪ.