ಹಗೇವು ಎಲ್ಲಿದೆ ಎಂದು ಬರೆಯುತ್ತಿದ್ದ ಕಾಕಾ

ಮಾತಾಡುವವರ ಕಣ್ಣನ್ನು ಕಾಕಾ ನೋಡುತ್ತಿರಲಿಲ್ಲ, ತುಟಿಯನ್ನು ನೋಡುತ್ತಿದ್ದರು. ಮೂವತ್ತು ವರ್ಷ ರಸ್ತೆ ಸಪಾಟು ಮಾಡುವ ಗ್ರೇಡರ್ ಓಡಿಸಿ ಎರಡೂ ಕಿವಿ ಹೋಗಿದ್ದವು. ಧೂಳಿಗೆಂದು ಬಾಯಿಗೆ ವಸ್ತ್ರ ಕಟ್ಟಿಕೊಂಡು ಬಂದವರಿಗೆ ಮೊದಲು ಅದನ್ನು ಬಿಚ್ಚಲು ಕೈಸನ್ನೆ ಮಾಡುತ್ತಿದ್ದರು. ರೋಣ, ನರಗುಂದ, ಗಜೇಂದ್ರಗಡದ ಕಡೆ ಮಣ್ಣಿನ ಕೆಲಸ ಮಾಡುವ ನಾವೆಲ್ಲ ಅವರನ್ನು ಗ್ರೇಡರ್ ಕಾಕಾ ಎನ್ನುತ್ತಿದ್ದೆವು. ನನಗೆ ಜೆಸಿಬಿ ಕಲಿಸಿದವರು ಅವರೇ.

ಕೆಲಸಕ್ಕೆ ಹೋದ ಊರಲ್ಲಿ ಅವರು ಮೊದಲು ಓಣಿಯ ಹಿರಿಯ ಮುದುಕಿಯ ಹತ್ತಿರ ಹೋಗಿ ಕೂರುತ್ತಿದ್ದರು. ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವುಗಳು ಎಲ್ಲೆಲ್ಲಿದ್ದವು ಎಂದು ವಿಚಾರಿಸುತ್ತಿದ್ದರು. ನಮ್ಮ ಕಡೆ ಅಂಗಳದ ಕೆಳಗೆ, ಬೀದಿಯ ಕೆಳಗೆ ಅವು ಇನ್ನೂ ಟೊಳ್ಳಾಗಿಯೇ ಇವೆ. ಹೊತ್ತಾಯಿತೆಂದು ಮಾಲೀಕರು ಗೊಣಗುತ್ತಿದ್ದರು. ಗೊಣಗಿದ್ದು ಅವರಿಗೆ ಕೇಳುತ್ತಿರಲಿಲ್ಲ.

ವಾಟ್ಸಾಪ್ ಗುಂಪು ಮಾಡೋಣ ಎಂದವರೂ ಅವರೇ. ಸವಡಿಯಲ್ಲಿ ಒಬ್ಬ ಡ್ರೈವರನ ಯಂತ್ರ ಹಗೇವಿನೊಳಗೆ ಕುಸಿದ ವಾರ ಅದು.

“ನಮಗ ಗೊತ್ತಿದ್ದದ್ದು ಅವಗ ಗೊತ್ತಿರಲಿಲ್ಲ, ಅಷ್ಟ ಆಗಿದ್ದು,” ಅಂದರು. “ಯಾರು ಎಲ್ಲಿ ಅಗದಾರ, ಒಳಗ ಏನ್ ಸಿಕ್ತು, ಎಲ್ಲಾ ಬರೀಬೇಕು.”

ಚಹಾದ ಅಂಗಡಿಯಲ್ಲಿ ಕೂತು ನಾನು ಗುಂಪು ತೆರೆದೆ. ಮೊದಮೊದಲು ಚೆನ್ನಾಗಿಯೇ ನಡೆಯಿತು. ಗಜೇಂದ್ರಗಡದವರು ಬಂಡೆ ಎಲ್ಲಿ ಅಡ್ಡ ಬರುತ್ತದೆಂದು, ನರಗುಂದದವರು ಕಾಲುವೆ ಪಕ್ಕದ ಎರೆಮಣ್ಣು ಎಲ್ಲಿ ಜರಿಯುತ್ತದೆಂದು ತಿಳಿಸಿದರು. ಆದರೆ ಯಾರೂ ಬರೆಯುತ್ತಿರಲಿಲ್ಲ, ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಕಾಕಾ ಅದನ್ನು ಕೇಳುವುದು ಹೇಗೆ? ದಿನವಿಡೀ ಯಂತ್ರ ಓಡಿಸಿ ಬಂದ ಮೇಲೆ ನಾನು ಒಂದೊಂದನ್ನೇ ಕೇಳಿ ಅವರಿಗಾಗಿ ಬರೆದು ಹಾಕುತ್ತಿದ್ದೆ. ಆಮೇಲೆ ಶುಭೋದಯದ ಹೂವಿನ ಚಿತ್ರಗಳು ಬಂದವು, ಹಳೆ ಟೈರು ಮಾರುವವರು ಬಂದರು, ಬಾಡಿಗೆ ದರದ ಜಗಳ ಬಂತು. ನನಗೆ ಸಾಕಾಯಿತು. ಬರೆಯುವುದನ್ನು ಬಿಟ್ಟೆ, ಗುಂಪಿನ ಸದ್ದನ್ನೂ ಬಂದ್ ಮಾಡಿದೆ.

ಅಷ್ಟರಲ್ಲಿ ಕಾಕಾ ಯಂತ್ರ ಓಡಿಸುವುದನ್ನು ಬಿಟ್ಟಿದ್ದರು. ಬಸ್ಸು ಹತ್ತಿ ಊರೂರಿಗೆ ಹೋಗಿ, ಮುದುಕಿಯರನ್ನು ವಿಚಾರಿಸಿ ಬಂದು, ದಪ್ಪ ಹೆಬ್ಬೆರಳಿನಿಂದ ತಾವೇ ಬರೆಯುತ್ತಿದ್ದರು. ಯಾರೂ ಉತ್ತರ ಕೊಡುತ್ತಿರಲಿಲ್ಲ.

ಪುರ್ತಗೇರಿಯಲ್ಲಿ ಬೇವಿನ ಗಿಡವಿದ್ದ ಒಂದು ಹಳೆ ಹಿತ್ತಲು ಸಪಾಟು ಮಾಡುವಾಗ ನನ್ನ ಯಂತ್ರದ ಮುಂದಿನ ಗಾಲಿ ಒಮ್ಮೆಲೇ ನೆಲದೊಳಗೆ ಇಳಿಯಿತು. ಯಂತ್ರ ವಾಲಿ, ಮೊಣಕಾಲಿನ ಕೆಳಗೆ ನನ್ನ ಎಲುಬು ಮುರಿಯಿತು. ದವಾಖಾನೆಯಲ್ಲಿ ಮಲಗಿ ಗುಂಪು ತೆರೆದು ನೋಡಿದೆ. ನಾಲ್ಕು ದಿನ ಮೊದಲೇ ಕಾಕಾ ಬರೆದಿದ್ದರು: ‘ಪುರ್ತಗೇರಿ. ಬೇವಿನ ಗಿಡದ ಹಿತ್ತಲ. ಮೂರ ಹಗೇವು ಅದಾವ.’

ಮರುದಿನ ಅವರೇ ಬಂದು ಮಂಚದ ಪಕ್ಕ ಕೂತರು. ನೀವು ಬರೆದದ್ದನ್ನು ನಾನು ಓದಿರಲಿಲ್ಲ, ಗುಂಪಿನ ಸದ್ದನ್ನೇ ಬಂದ್ ಮಾಡಿಟ್ಟಿದ್ದೆ ಎಂದು ನಿಧಾನವಾಗಿ, ಅವರಿಗೆ ತಿಳಿಯುವಂತೆ ಹೇಳಿದೆ.

“ನನಗೂ ಬ್ಯಾಸರ ಆಗೇತಿ,” ಅಂದರು. “ಬಿಟ್ಟಬಿಡಬೇಕು ಅಂತ ದಿನಾ ಅನಸ್ತೈತಿ. ಆದ್ರ ಗೊತ್ತಿದ್ದೂ ಸುಮ್ನ ಕುಂತ್ರ ನಿದ್ದಿ ಬರೂದಿಲ್ಲಪಾ.”

“ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಕಾಕಾ?”

“ಐತಿ. ಮೊದ್ಲ ಕಾಲು ಆರಾಮ ಆಗ್ಲಿ, ಬೈತೀನಿ.”

ಬೈಯಲು ಅವರು ಉಳಿಯಲಿಲ್ಲ. ನಾನಿನ್ನೂ ಬಡಿಗೆ ಊರಿ ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಒರಗಿದರಂತೆ. ಎರಡು ದಿನ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಮೂರನೆಯ ದಿನ ಮತ್ತೆ ಟೈರು ಬಂದವು. ಗುಂಪನ್ನು ಮುಚ್ಚಿಬಿಡೋಣ ಎಂದುಕೊಂಡೆ.

ಆ ವಾರವೇ ನರಗುಂದದ ಕಡೆಯ, ನಾನು ಕಾಣದ ಡ್ರೈವರನೊಬ್ಬ ಫೋನ್ ಮಾಡಿದ. ಅಲ್ಲಿಯ ಒಂದು ಓಣಿಯ ಹಗೇವಿನ ಬಗ್ಗೆ ಕಾಕಾ ಹಿಂದೆಂದೋ ಬರೆದದ್ದನ್ನು ಹುಡುಕಿ ಓದಿ, ಅಂದು ಬೆಳಿಗ್ಗೆ ಯಂತ್ರ ಹಿಂದಕ್ಕೆ ತೆಗೆದೆ ಎಂದ. ಒಮ್ಮೆ ಅವರ ಜೊತೆ ಮಾತಾಡಬೇಕು, ನಂಬರ್ ಕೊಡಿ ಎಂದ. ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಈಗ ಅವರೂ ಇಲ್ಲ ಎಂದು ಹೇಳಿದೆ. ಆತ, ಅದೇ ಓಣಿಯಲ್ಲಿ ಅವರು ಬರೆಯದಿದ್ದ ಇನ್ನೊಂದು ಹಗೇವು ಸಿಕ್ಕಿತು ಎಂದ.

ಯಾವ ಮನೆಯ ಮುಂದೆ ಎಂದು ಕೇಳಿ, ಬರೆದುಕೊಂಡೆ.