ಹರಕೆಯ ಆಡಿಗೆ ಹುರುಳಿ

ಬಕ್ರೀದಿಗೆಂದು ಹೆಂಡತಿ ಸಾಕುತ್ತಿದ್ದ ಆಡು, ಅವಳು ತೀರಿಕೊಂಡ ಮೇಲೆ ಹಿತ್ತಲಲ್ಲಿ ಉಳಿಯಿತು. ಬಂದ ನೆಂಟರೆಲ್ಲ ಹೋದರು. ನಾನು ಹತ್ತಿರ ಹೋದರೆ ಅದು ನನ್ನನ್ನು ದಾಟಿ ಅಡಿಗೆಮನೆಯ ಬಾಗಿಲನ್ನು ನೋಡುತ್ತಿತ್ತು. ಹಲಸಿನ ಸೊಪ್ಪು ಹಾಕಿದರೆ ನಾಲ್ಕು ಎಲೆ ತಿಂದು ಉಳಿದದ್ದನ್ನು ಹಾಗೇ ಬಿಡುತ್ತಿತ್ತು. ಬೆನ್ನಿನ ಮೂಳೆ ಕಾಣತೊಡಗಿತು.

ಇದನ್ನು ಮಾರಿ ಬೇರೆ ಆಡು ತರಬಹುದೇ ಎಂದು ಮಸೀದಿಯ ಉಸ್ತಾದರಲ್ಲಿ ಕೇಳಿದೆ.

"ಇದನ್ನೇ ಕುರ್ಬಾನಿ ಕೊಡ್ತೇನೆ ಅಂತ ಅವರು ಬಾಯಿಬಿಟ್ಟು ಹೇಳಿದ್ರಾ ಕಾಕ?"

"ಎಷ್ಟೋ ಸಲ."

"ಹಾಗಾದ್ರೆ ಹರಕೆ ಆಯ್ತು. ಬದಲಾಯಿಸ್ಲಿಕ್ಕೆ ಇಲ್ಲ. ಮಾಂಸ ನೀವು ತಿನ್ಲಿಕ್ಕೂ ಇಲ್ಲ, ಪೂರ್ತಿ ಬಡವರಿಗೆ. ಮತ್ತೆ ಹೀಗೆ ಸೊರಗಿದ್ರೆ ಆಗುವುದಿಲ್ಲ, ಮೈ ತುಂಬಬೇಕು."

ಮಾರುವಂತಿಲ್ಲ, ಬಿಡುವಂತಿಲ್ಲ. ಕೊಯ್ಯುವುದಕ್ಕಾಗಿ ಬದುಕಿಸಬೇಕು.

ಆಟೋದಲ್ಲಿ ಹಾಕಿಕೊಂಡು ಕೊಟ್ಟಾರದ ಕಡೆಯ ಪಶುವೈದ್ಯರಲ್ಲಿಗೆ ಹೋದೆ. ಸಾಕುತ್ತಿದ್ದ ಹೆಂಡತಿ ತೀರಿಕೊಂಡದ್ದನ್ನು ಹೇಳಿದೆ. ಅವರು ಬೆನ್ನು ಒತ್ತಿ ನೋಡಿದರು. "ರೋಗ ಎಂತ ಇಲ್ಲ. ಮನೆಯವರು ಎಂತ ಹಾಕ್ತಿದ್ರು?"

"ಸೊಪ್ಪಿನೊಟ್ಟಿಗೆ ಹುರುಳಿ."

"ಬೇಯಿಸಿಯಾ, ಹಸಿಯಾ?"

ನನಗೆ ಗೊತ್ತಿರಲಿಲ್ಲ.

"ಸೊಪ್ಪಿನಿಂದ ಹೊಟ್ಟೆ ತುಂಬ್ತದೆ, ಅಷ್ಟೆ. ಮೈ ಹಿಡೀಬೇಕಾದ್ರೆ ಕಾಳಿನ ಪ್ರೋಟೀನ್ ಬೇಕು. ಹಸಿ ಹುರುಳಿ ಅರಗುವುದು ಕಷ್ಟ, ಬೇಯಿಸಿ. ಒಂದು ಮುಷ್ಟಿಯಿಂದ ಶುರು ಮಾಡಿ. ಒಮ್ಮೆಲೇ ಸುರಿದ್ರೆ ಹೊಟ್ಟೆ ಉಬ್ಬಿ ಸಾಯ್ತದೆ ಮಾರಾಯ್ರೆ."

ಸಾಯ್ತದೆ ಎಂದಾಗ ನನಗೆ ಹೆದರಿಕೆಯಾಯಿತು. ಆ ಹೆದರಿಕೆಗೆ ಏನರ್ಥ ಎಂದು ಮನೆ ತಲುಪುವವರೆಗೂ ಯೋಚಿಸಿದೆ.

ಹುರುಳಿ ಬೇಯುವಾಗ ಮನೆಯಲ್ಲಿ ಅವಳಿದ್ದಾಗಿನ ವಾಸನೆ ಹಬ್ಬಿತು. ಆರಿಸಿ ಅಂಗೈಯಲ್ಲಿಟ್ಟು ಆಡಿನ ಮುಂದೆ ಕುಳಿತೆ. ಮೂಸಿ ಮುಖ ತಿರುಗಿಸಿತು. ಹೀಗೆ ಎಷ್ಟೋ ಬೆಳಿಗ್ಗೆಗಳು. ಕೊನೆಗೊಮ್ಮೆ ಅದರ ಒದ್ದೆ ತುಟಿ ಕೈಗೆ ತಾಗಿತು, ಎಲ್ಲವನ್ನೂ ತಿಂದಿತು. ಕುಲಶೇಖರದಲ್ಲಿರುವ ಮಗಳಿಗೆ ಫೋನು ಮಾಡಿದೆ.

"ಉಪ್ಪಾ, ಅದರ ಮೇಲೆ ಜಾಸ್ತಿ ಪ್ರೀತಿ ಇಟ್ಕೊಳ್ಬೇಡಿ."

"ಎಂತ ಪ್ರೀತಿ? ಹುರುಳಿ ಹಾಕುವುದು, ಅಷ್ಟೆ."

"ಉಮ್ಮನೂ ಹಾಗೇ ಹೇಳ್ತಿದ್ದದ್ದು."

ಮೈ ತುಂಬುತ್ತ ಬಂತು. ಮೂಳೆ ಮುಚ್ಚಿದ ಕಡೆ ಬೆರಳಿಟ್ಟರೆ ಸಂತೋಷವಾಗುತ್ತಿತ್ತು. ಕೂಡಲೇ ಕೈ ತೆಗೆಯುತ್ತಿದ್ದೆ. ಸ್ವಲ್ಪ ಕಡಿಮೆ ಹಾಕಿದರೇನು ಎಂದು ಒಮ್ಮೆ ಅನ್ನಿಸಿತು. ಸೊರಗಿದರೆ ಆಡು ಉಳಿಯುತ್ತದೆ. ಅವಳ ಮಾತು ಉಳಿಯುವುದಿಲ್ಲ. ಪಾತ್ರೆಯನ್ನು ಒಲೆಗಿಟ್ಟೆ.

ಹಬ್ಬದ ದಿನ ನಮಾಜು ಮುಗಿಸಿ ಬಂದಾಗ ಕೊಯ್ಯುವವನು ಬಂದಿದ್ದ. ಊರಿಗೆ ಹೊಸಬ. ನಾನು ಆಡಿಗೆ ನೀರು ಕುಡಿಸಿದೆ. ಅದು ಹಗ್ಗ ಎಳೆಯದೆ ನನ್ನ ಹಿಂದೆಯೇ ನಡೆದು ಬಂತು. ಅವನು ಬೆನ್ನು ತಡವಿ, "ಒಳ್ಳೆ ಆಡು. ಯಾರು ಸಾಕಿದ್ದು ಕಾಕ?" ಎಂದ.

"ನನ್ನ ಹೆಂಡತಿ."

ಅವನು ಮುಚ್ಚಿದ ಅಡಿಗೆಮನೆಯ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದ. "ಹೊರಗೆ ಬರುವುದು ಬೇಡ ಹೇಳಿ. ಸಾಕಿದವರಿಗೆ ನೋಡ್ಲಿಕ್ಕೆ ಆಗುವುದಿಲ್ಲ."

ಆಯಿತು ಎಂದೆ. ಆಡಿನ ಕಾಲು ಹಿಡಿದುಕೊಂಡೆ.